ಬೈಗುಳ ಒಂದು ಸಾಲಿಗೆ, ತಪ್ಪು ಇನ್ನೊಂದರಲ್ಲಿ: ನೆಟ್‌ವರ್ಕ್ ಕೋಡ್‌ನ ಕಂಪೈಲರ್ ವಾರ್ನಿಂಗ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿ ಭಾಷೆಯಲ್ಲಿ ಸಾಕೆಟ್, ಪ್ಯಾಕೆಟ್ ಹೆಡರ್, ಚೆಕ್‌ಸಮ್ ಅಂತ ಕೆಲಸ ಮಾಡುವವರು ಜಿಸಿಸಿ ಅನ್ನುವ ಸಿ ಕಂಪೈಲರ್‌ನ ಹೊಸ ಆವೃತ್ತಿಗೆ ಬಂದ ಕೂಡಲೇ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಫ್ಲ್ಯಾಗ್‌ಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಮುಂದಿನ ಅಡ್ಡಗೆರೆ ನೀವೇ ಸೇರಿಸಿಕೊಳ್ಳಿ.

## ವಾರ್ನಿಂಗ್ ದಾರಿ ತಪ್ಪಿಸುತ್ತದೆ ಅಂದರೆ ಕಂಪೈಲರ್ ಸುಳ್ಳು ಹೇಳುತ್ತದೆ ಅಂತಾನಾ?

ಸುಳ್ಳಲ್ಲ. ತನಗೆ ಕಂಡಷ್ಟನ್ನು ಹೇಳುತ್ತದೆ, ಆದರೆ ಅದಕ್ಕೆ ಕಾಣುವುದೇ ಕಡಿಮೆ. ಬಫರ್ ಯಾವ ಅಡ್ರೆಸ್‌ನಲ್ಲಿ ಶುರುವಾಗುತ್ತದೆ, ಅದರೊಳಗೆ ಬಂದ ಬೈಟ್‌ಗಳು ಯಾರವು, ಕರ್ನಲ್ ಆ ಸ್ಟ್ರಕ್ಟನ್ನು ಹೇಗೆ ಓದುತ್ತದೆ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಕೆಲವು ಸಲ ತಪ್ಪು ಒಂದು ಕಡೆ ಇದ್ದರೆ ಬೈಗುಳ ಇನ್ನೊಂದು ಕಡೆಗೆ ಬೀಳುತ್ತದೆ. ಕೆಲವು ಸಲ ತಪ್ಪೇ ಇರುವುದಿಲ್ಲ. ಹೆಚ್ಚು ಅಪಾಯ ಇರುವುದು ಮೂರನೆಯದರಲ್ಲಿ. ವಾರ್ನಿಂಗ್ ಪೂರ್ತಿ ಸರಿ ಇರುತ್ತದೆ, ಹೇಳುವ ಮಾತು ಮಾತ್ರ ಎಷ್ಟು ಸಪ್ಪೆ ಅಂದರೆ ನಾವು ಸುಮ್ನೆ ಕಿರಿಕಿರಿ ಅಂದುಕೊಂಡು ಒಂದು ಕಾಸ್ಟ್ (ಟೈಪನ್ನು ಬಲವಂತವಾಗಿ ಬದಲಿಸುವುದು) ಹಾಕಿ ಬಾಯಿ ಮುಚ್ಚಿಸಿಬಿಡುತ್ತೇವೆ.

## ಐಪಿ ಅಡ್ರೆಸ್ಸನ್ನು ಸ್ಟ್ರಿಂಗ್ ಮಾಡುವ ಇನೆಟ್_ಎನ್‌ಟೋಎ ಕೊಟ್ಟದ್ದನ್ನು ಪ್ರಿಂಟ್‌ಎಫ್‌ಗೆ ಕೊಟ್ಟರೆ "ಕ್ಯಾರ್ ಪಾಯಿಂಟರ್ ಬೇಕಿತ್ತು, ಇಂಟ್ ಸಿಕ್ಕಿದೆ" ಅಂತ ಬರುತ್ತದೆ. ಕಾಸ್ಟ್ ಹಾಕಿದೆ, ವಾರ್ನಿಂಗ್ ಹೋಯ್ತು. ಈಗ ಪ್ರೋಗ್ರಾಂ ಬೀಳುತ್ತಿದೆ. ಯಾಕೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಪ್ರಿಂಟ್‌ಎಫ್ ಸಾಲಿನಲ್ಲಿ ಯಾವ ತಪ್ಪೂ ಇಲ್ಲ. ಫೈಲ್‌ನ ಮೇಲುಗಡೆ ಅರ್ಪಾ/ಇನೆಟ್ ಹೆಡರನ್ನು ಸೇರಿಸಿಲ್ಲ, ಅಷ್ಟೇ.

ಹೆಡರ್ ಇಲ್ಲದಿದ್ದರೆ ಕಂಪೈಲರ್‌ಗೆ ಆ ಫಂಕ್ಷನ್ ಏನು ವಾಪಸ್ ಕೊಡುತ್ತದೆ ಎಂದು ಗೊತ್ತಿಲ್ಲ. ಹಳೇ ಸಿ ನಿಯಮದ ಪ್ರಕಾರ ಇಂಟ್ ಅಂತ ಊಹಿಸಿಕೊಳ್ಳುತ್ತದೆ. 64 ಬಿಟ್ ಮಷೀನ್‌ನಲ್ಲಿ ಪಾಯಿಂಟರ್ 64 ಬಿಟ್, ಇಂಟ್ 32 ಬಿಟ್. ಅಡ್ರೆಸ್‌ನ ಮೇಲಿನ ಅರ್ಧ ಅಲ್ಲೇ ಕತ್ತರಿಸಿ ಹೋಯಿತು. ಆಮೇಲೆ ನೀವು ಕಾಸ್ಟ್ ಹಾಕಿದ್ದು ಉಳಿದ ಅರ್ಧಕ್ಕೆ. ಇದೇ ಕೋಡ್ 32 ಬಿಟ್ ಬೋರ್ಡ್ ಮೇಲೆ ವರ್ಷಗಟ್ಟಲೆ ಓಡಿರುತ್ತದೆ, ಅದಕ್ಕೇ "ಮುಂಚೆ ಸರಿ ಇತ್ತಲ್ಲ" ಅನ್ನಿಸುವುದು.

ಅಸಲಿಗೆ ಕಂಪೈಲರ್ ಎರಡು ಮಾತು ಹೇಳಿತ್ತು. ಮೊದಲನೆಯದು "ಫಂಕ್ಷನ್‌ಗೆ ಡಿಕ್ಲರೇಷನ್ ಇಲ್ಲ" ಎಂದು. ಅದು ಸ್ಕ್ರೀನ್‌ನಲ್ಲಿ ಮೇಲೆ ಹೋಗಿಬಿಟ್ಟಿತ್ತು, ನೀವು ಓದಿದ್ದು ಕೊನೆಯದನ್ನು. ಯಾವಾಗಲೂ ಮೇಲಿನಿಂದ ಓದಿ. ಮೊದಲನೆಯದನ್ನು ಸರಿ ಮಾಡಿ ಮತ್ತೆ ಕಂಪೈಲ್ ಮಾಡಿದರೆ ಕೆಳಗಿನವು ಎಷ್ಟೋ ಸಲ ತಾವಾಗಿಯೇ ಹೋಗುತ್ತವೆ.

ಸಿ99 ಬಂದಾಗಲೇ ಈ ಊಹೆಯ ನಿಯಮವನ್ನು ಭಾಷೆಯಿಂದ ತೆಗೆದುಹಾಕಿದರು. ಜಿಸಿಸಿ ಮಾತ್ರ ವಾರ್ನಿಂಗ್ ಕೊಟ್ಟು ಬಿಡುತ್ತಿತ್ತು. 2024ರ ಜಿಸಿಸಿ 14ರಿಂದ ಇದು ಎರರ್. ಆದರೆ ಬೋರ್ಡ್ ಜೊತೆ ಬರುವ ಟೂಲ್‌ಚೈನ್‌ಗಳು ಬಹಳ ಹಳೆಯವು, ಅಲ್ಲಿ ಈ ಬಲೆ ಇನ್ನೂ ಇದೆ.

## ರಿಸೀವ್ ಆದ ಉದ್ದವನ್ನು ಸೈಜ್‌ಆಫ್ ಜೊತೆ ಹೋಲಿಸಿದರೆ ಸೈನ್-ಕಂಪೇರ್ ಬರುತ್ತದೆ. ಇದು ಬರೀ ಶಿಸ್ತಿನ ವಿಷಯ ಅಲ್ವಾ?

ಅಲ್ಲ. ನೆಟ್‌ವರ್ಕ್ ಕೋಡ್‌ನಲ್ಲಿ ಜನ ಜಾಸ್ತಿ ಅಲಕ್ಷ್ಯ ಮಾಡುವ ವಾರ್ನಿಂಗ್ ಇದೇ, ನಿಜವಾದ ಬಗ್ ಹಿಡಿಯುವುದೂ ಇದೇ.

"ಬಂದದ್ದು ಹೆಡರ್‌ಗಿಂತ ಚಿಕ್ಕದಾಗಿದ್ದರೆ ವಾಪಸ್ ಹೋಗು" ಅಂತ ಬರೆದಿರುತ್ತೀರಿ. ರೆಸಿವ್ ಸೋತರೆ ಮೈನಸ್ 1 ಕೊಡುತ್ತದೆ. ಸೈಜ್‌ಆಫ್ ಕೊಡುವುದು ಅನ್‌ಸೈನ್ಡ್, ಅಂದರೆ ಮೈನಸ್ ಇಲ್ಲದ ಸಂಖ್ಯೆ. ಎರಡನ್ನೂ ಹೋಲಿಸುವಾಗ ಮೈನಸ್ 1 ಕೂಡ ಅನ್‌ಸೈನ್ಡ್ ಆಗುತ್ತದೆ, ಅಂದರೆ 64 ಬಿಟ್‌ನಲ್ಲಿ 18446744073709551615. ಅದು ಹೆಡರ್‌ಗಿಂತ ಚಿಕ್ಕದಾ? ಇಲ್ಲ. ನಿಮ್ಮ ಚೆಕ್ ದಾಟಿ ಕೋಡ್ ಮುಂದೆ ಹೋಗುತ್ತದೆ, ಬಫರ್‌ನಲ್ಲಿ ಬಿದ್ದಿದ್ದ ಹಿಂದಿನ ಪ್ಯಾಕೆಟ್ಟನ್ನೇ ಮತ್ತೊಮ್ಮೆ ಓದುತ್ತದೆ.

ಉದ್ದಕ್ಕೆ ಸೈಜ್_ಟಿ ಕಾಸ್ಟ್ ಹಾಕಿದರೆ ವಾರ್ನಿಂಗ್ ಹೋಗುತ್ತದೆ, ಬಗ್ ಅಲ್ಲೇ ಕೂರುತ್ತದೆ. ಮುಂದೆ ಕೋಡ್ ಓದುವವರಿಗೂ ಯಾರೋ ಯೋಚನೆ ಮಾಡಿಯೇ ಹಾಕಿದ್ದಾರೆ ಅನ್ನಿಸುತ್ತದೆ. ಮೊದಲು ಸೊನ್ನೆಗಿಂತ ಕಡಿಮೆಯಾ ಅಂತ ನೋಡಿ, ಎರರ್ ದಾರಿ ಮುಗಿಸಿ. ಅದರ ಕೆಳಗಿನ ಸಾಲಿನಲ್ಲಿ ಕಾಸ್ಟ್ ಹಾಕಿದರೆ ನ್ಯಾಯ. ಇನ್ನೊಂದು ವಿಷಯ. ಸಿ++ನಲ್ಲಿ ಇದು ಡಬ್ಲ್ಯೂ-ಆಲ್ ಅನ್ನುವ ಮಾಮೂಲಿ ವಾರ್ನಿಂಗ್‌ಗಳ ಫ್ಲ್ಯಾಗ್ ಒಳಗೇ ಬರುತ್ತದೆ, ಸಿ ಭಾಷೆಯಲ್ಲಿ ಡಬ್ಲ್ಯೂ-ಎಕ್ಸ್‌ಟ್ರಾ ಹಾಕಬೇಕು. ಬರೀ ಡಬ್ಲ್ಯೂ-ಆಲ್ ಹಾಕಿಕೊಂಡು "ನಮ್ಮ ಕೋಡ್ ಕ್ಲೀನ್" ಅನ್ನುವವರು ಇಲ್ಲೇ ಎಡವುತ್ತಾರೆ.

## ನಾಲ್ಕು ಬೈಟ್ ಸೇರಿಸಿ ಐಪಿ ಅಡ್ರೆಸ್ ಕಟ್ಟುವಾಗ ಸೈನ್ ಬದಲಾಗುತ್ತದೆ ಅನ್ನುತ್ತದೆ. ನನ್ನ ಬೈಟ್‌ಗಳೆಲ್ಲಾ ಅನ್‌ಸೈನ್ಡ್. ಸೈನ್ ಎಲ್ಲಿಂದ ಬಂತು?

ಶಿಫ್ಟ್ ಮಾಡುವ ಮೊದಲೇ ಬಂತು. ಇಂಟ್‌ಗಿಂತ ಚಿಕ್ಕ ಟೈಪ್‌ಗಳು ಲೆಕ್ಕಕ್ಕೆ ಇಳಿದ ಕೂಡಲೇ ಇಂಟ್ ಆಗುತ್ತವೆ, ಅದು ಸಿ ನಿಯಮ. ಮೊದಲ ಬೈಟನ್ನು 24 ಬಿಟ್ ಎಡಕ್ಕೆ ತಳ್ಳುವಾಗ ಅದು ಸೈನ್ಡ್ ಇಂಟ್. ಬೈಟ್ 128 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತುದಿಯ ಬಿಟ್ ಸೈನ್ ಜಾಗಕ್ಕೆ ಹೋಗಿ ಕೂರುತ್ತದೆ. ಸ್ಟ್ಯಾಂಡರ್ಡ್ ಪ್ರಕಾರ ಅದು ಅನ್‌ಡಿಫೈನ್ಡ್, ಅಂದರೆ ಏನು ಬೇಕಾದರೂ ಆಗಬಹುದು.

10.0.0.1 ಹಾಕಿ ಟೆಸ್ಟ್ ಮಾಡಿ: 167772161, ಸರಿಯಾಗಿದೆ. ಈಗ 192.168.0.1 ಹಾಕಿ. ಬರಬೇಕಾದ್ದು 3232235521. ಇಂಟ್‌ನಲ್ಲಿ ಅದು ಮೈನಸ್ 1062731775 ಆಗಿ ನಿಲ್ಲುತ್ತದೆ. 32 ಬಿಟ್ ಅನ್‌ಸೈನ್ಡ್ ವೇರಿಯಬಲ್‌ಗೆ ಹಾಕಿದರೆ ಬಿಟ್‌ಗಳು ಅವೇ, ಹಾಗಾಗಿ ಜಿಸಿಸಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಐಪಿ ಮತ್ತು ಪೋರ್ಟ್ ಸೇರಿಸಿ 64 ಬಿಟ್ ಕೀ ಮಾಡೋಣ ಅಂತ ಯಾರಾದರೂ ಹೊರಟ ದಿನ ಮೇಲಿನ ಬಿಟ್‌ಗಳೆಲ್ಲಾ 1 ಆಗಿ 18446744072646819841 ಬರುತ್ತದೆ. 10ರಿಂದ ಶುರುವಾಗುವ ಅಡ್ರೆಸ್‌ಗಳು ಟೇಬಲ್‌ನಲ್ಲಿ ಸಿಗುತ್ತವೆ, 192 ಮತ್ತು 172ರವು ಸಿಗುವುದಿಲ್ಲ. ಇದನ್ನು ನೆಟ್‌ವರ್ಕ್ ತೊಂದರೆ ಅಂದುಕೊಂಡು ಹುಡುಕಲು ಹೊರಟರೆ ಇಡೀ ವಾರ ಹೋಗುತ್ತದೆ.

ಇಲ್ಲಿ ಕಾಸ್ಟೇ ಮದ್ದು. ಆದರೆ ಎಲ್ಲಿ ಹಾಕುತ್ತೀರಿ ಅನ್ನುವುದೇ ಎಲ್ಲಾ. ಪೂರ್ತಿ ಲೆಕ್ಕಕ್ಕೆ ಆವರಣ ಹಾಕಿ ಹೊರಗಡೆ ಕಾಸ್ಟ್ ಮಾಡಿದರೆ ವಾರ್ನಿಂಗ್ ಮಾತ್ರ ಹೋಗುತ್ತದೆ. ಶಿಫ್ಟ್ ಮಾಡುವ ಮೊದಲು ಒಂದೊಂದು ಬೈಟನ್ನೂ 32 ಬಿಟ್ ಅನ್‌ಸೈನ್ಡ್ ಮಾಡಿ.

## ಚೆಕ್‌ಸಮ್ ಫಂಕ್ಷನ್‌ನ ಕೊನೆ ಸಾಲಿಗೂ ಡಬ್ಲ್ಯೂ-ಕನ್ವರ್ಷನ್ ಬರುತ್ತದೆ. ಅಲ್ಲೂ ಬಗ್ ಇದೆಯಾ?

ಸಾಮಾನ್ಯವಾಗಿ ಇಲ್ಲ. ಇಂಟರ್ನೆಟ್ ಚೆಕ್‌ಸಮ್ ಲೆಕ್ಕ ವಿವರಿಸುವ 1988ರ ಆರ್‌ಎಫ್‌ಸಿ 1071 ಹೇಳುವ ಹಾಗೆ 16 ಬಿಟ್ ನಂಬರ್‌ಗಳನ್ನು 32 ಬಿಟ್ ಸಮ್‌ನಲ್ಲಿ ಕೂಡಿಸಿ, ಕ್ಯಾರಿಯನ್ನು ಕೆಳಕ್ಕೆ ಮಡಚಿ, ಕೊನೆಗೆ ಬಿಟ್‌ಗಳನ್ನು ತಿರುಗಿಸುತ್ತೀರಿ. ತಿರುಗಿಸಿದಾಗ ಮೇಲಿನ 16 ಬಿಟ್‌ಗಳೂ 1 ಆಗುತ್ತವೆ. ಅವು ಬೇಡ ಅಂತ ನಿಮಗೆ ಗೊತ್ತು, ಕಂಪೈಲರ್‌ಗೆ ಗೊತ್ತಿಲ್ಲ. 65535ರ ಮಾಸ್ಕ್ ಹಾಕಿ, ಸುಮ್ಮನಾಗುತ್ತದೆ. ನನಗೆ ಕಾಸ್ಟ್‌ಗಿಂತ ಮಾಸ್ಕ್ ಇಷ್ಟ, ಏನು ಬಿಸಾಕುತ್ತಿದ್ದೇವೆ ಅನ್ನುವುದು ಓದುವವರಿಗೆ ಕಾಣುತ್ತದೆ.

## ಜಿಸಿಸಿ 9ಕ್ಕೆ ಬಂದ ಮೇಲೆ ಪ್ಯಾಕ್ಡ್ (ಮಧ್ಯೆ ಖಾಲಿ ಜಾಗ ಬಿಡದ) ಸ್ಟ್ರಕ್ಟ್‌ನ ಮೆಂಬರ್ ಅಡ್ರೆಸ್ ತೆಗೆದಲ್ಲೆಲ್ಲಾ ವಾರ್ನಿಂಗ್. ಲಿನಕ್ಸ್ ಕರ್ನಲ್ಲೇ ಇದನ್ನು ಆಫ್ ಮಾಡಿದೆಯಂತೆ, ನಾವೂ ಮಾಡಬಹುದಾ?

ಕರ್ನಲ್ ಆಫ್ ಮಾಡಿದ್ದು ನಿಜ. 2019ರ ಮೇ ತಿಂಗಳಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರೇ ಮಾಡಿದರು. ಕ್ಲ್ಯಾಂಗ್ ಅನ್ನುವ ಇನ್ನೊಂದು ಕಂಪೈಲರ್‌ಗೆ ಅದಕ್ಕೂ ಮುಂಚೆಯೇ ಆಫ್ ಆಗಿತ್ತು. ಪ್ಯಾಕ್ಡ್ ಅಂತ ಬರೆದಿರುವುದೇ ಅಡ್ರೆಸ್ ಅಲೈನ್ ಆಗಿರುವುದಿಲ್ಲ (ಟೈಪ್‌ನ ಅಳತೆಗೆ ಸರಿಯಾದ ಜಾಗದಲ್ಲಿರುವುದಿಲ್ಲ) ಅಂತ ಗೊತ್ತಿರುವುದರಿಂದ, ಅನ್ನುವುದು ಅವರ ವಾದ. ಆದರೆ ಕರ್ನಲ್‌ನಲ್ಲಿ ಅಲೈನ್ ಆಗದ ಅಡ್ರೆಸ್ ಓದಲು ಬೇರೆಯೇ ಫಂಕ್ಷನ್‌ಗಳಿವೆ, ಅವನ್ನು ಬಳಸುವ ಶಿಸ್ತೂ ಇದೆ. ನಿಮ್ಮಲ್ಲಿ ಅದಿಲ್ಲದಿದ್ದರೆ ಫ್ಲ್ಯಾಗ್ ಒಂದನ್ನೇ ಕಾಪಿ ಮಾಡಿ ಪ್ರಯೋಜನವಿಲ್ಲ.

ತೊಂದರೆಯ ಬೇರು ಈಥರ್ನೆಟ್ ಹೆಡರ್‌ನ ಉದ್ದದಲ್ಲಿದೆ. ಅದು 14 ಬೈಟ್. ಬಫರ್ 4ರ ಗುಣಕದಲ್ಲಿ ಶುರುವಾದರೆ ಅದರ ಹಿಂದೆ ಬರುವ ಐಪಿ ಹೆಡರ್ 2 ಬೈಟ್ ಆಚೆ ಹೋಗಿ ಕೂರುತ್ತದೆ. ಅದಕ್ಕೇ ಲಿನಕ್ಸ್ ಡ್ರೈವರ್‌ಗಳು ಬಫರ್‌ನ ಮುಂದೆ 2 ಬೈಟ್ ಖಾಲಿ ಬಿಡುವ ಪದ್ಧತಿ ಇಟ್ಟುಕೊಂಡಿವೆ. ಮಾಮೂಲಿ ಪಿಸಿಗಳ ಎಕ್ಸ್86ನಲ್ಲಿ ಅದು ಸೊನ್ನೆ, ಯಾಕೆಂದರೆ ಆ ಪ್ರೊಸೆಸರ್ ವಕ್ರ ಅಡ್ರೆಸ್‌ಗೂ ತಕರಾರು ಮಾಡುವುದಿಲ್ಲ.

"ಹಾಗಾದರೆ ನಾವು ಎಕ್ಸ್86 ಮಾತ್ರ, ನಮಗೇನು" ಅನ್ನಬೇಡಿ. ಪ್ರೊಸೆಸರ್ ಸುಮ್ಮನಿದ್ದರೂ ಕಂಪೈಲರ್ ಸುಮ್ಮನಿರುವುದಿಲ್ಲ. ಹೆಚ್ಚು ಆಪ್ಟಿಮೈಸ್ ಮಾಡುವ ಓ3ಯಲ್ಲಿ ನಿಮ್ಮ ಕೂಡಿಸುವ ಲೂಪನ್ನು ವೆಕ್ಟರ್ ಮಾಡುವಾಗ (ಹಲವು ನಂಬರ್‌ಗಳನ್ನು ಒಟ್ಟಿಗೆ ಕೂಡಿಸುವಾಗ), 32 ಬಿಟ್ ಪಾಯಿಂಟರ್ 4ರ ಗುಣಕವೇ ಎಂದು ನಂಬಿಕೊಂಡು, 16 ಬೈಟ್ ಅಲೈನ್ ಬೇಕೇ ಬೇಕು ಅನ್ನುವ ಇನ್‌ಸ್ಟ್ರಕ್ಷನ್ ಹಾಕಬಹುದು. ವಕ್ರ ಅಡ್ರೆಸ್ ಕೊಟ್ಟರೆ ಎಕ್ಸ್86ನಲ್ಲೇ ಪ್ರೋಗ್ರಾಂ ಬೀಳುತ್ತದೆ. ಡೀಬಗ್ ಬಿಲ್ಡ್‌ನಲ್ಲಿ ಎಲ್ಲಾ ಸರಿ, ರಿಲೀಸ್‌ನಲ್ಲಿ ಕ್ರ್ಯಾಶ್.

ಮದ್ದು ಸುಲಭ. ಮೆಂಬರ್‌ನ ಅಡ್ರೆಸ್ ಕೊಡಬೇಡಿ, ಮೌಲ್ಯವನ್ನೇ ಲೋಕಲ್ ವೇರಿಯಬಲ್‌ಗೆ ತೆಗೆದುಕೊಳ್ಳಿ. ಕಚ್ಚಾ ಬಫರ್ ಆದರೆ ಮೆಮ್‌ಕಾಪಿ ಮಾಡಿ. "ಮೆಮ್‌ಕಾಪಿ ನಿಧಾನ" ಅನ್ನುವುದು ಹಳೇ ಭಯ. 4 ಬೈಟ್ ಅಂತ ಉದ್ದ ಮೊದಲೇ ಗೊತ್ತಿದ್ದರೆ ಆಪ್ಟಿಮೈಸ್ ಮಾಡುವಾಗ ಅದು ಎಕ್ಸ್86ನಲ್ಲಿ ಒಂದೇ ಇನ್‌ಸ್ಟ್ರಕ್ಷನ್ ಆಗುತ್ತದೆ. ಅಸೆಂಬ್ಲಿ ತೆಗೆದು ನೀವೇ ನೋಡಿ.

## ಕಾಸ್ಟ್-ಅಲೈನ್ ಫ್ಲ್ಯಾಗ್ ಹಾಕಿದ್ದೇನೆ, ಎಕ್ಸ್86ನಲ್ಲಿ ಒಂದೂ ವಾರ್ನಿಂಗ್ ಇಲ್ಲ. ನಿಶ್ಚಿಂತೆಯಿಂದ ಇರಬಹುದಾ?

ಬೇಡ. ಟಾರ್ಗೆಟ್ ಪ್ರೊಸೆಸರ್‌ಗೆ ಅಲೈನ್‌ಮೆಂಟ್ ಕಡ್ಡಾಯ ಅಲ್ಲದಿದ್ದರೆ ಜಿಸಿಸಿ ಆ ಫ್ಲ್ಯಾಗ್‌ಗೆ ಬಾಯೇ ಬಿಡುವುದಿಲ್ಲ. ಜಿಸಿಸಿ 8ರಿಂದ ಅದರ ಮುಂದೆ ಈಕ್ವಲ್-ಸ್ಟ್ರಿಕ್ಟ್ ಅಂತ ಸೇರಿಸಬಹುದು. ಆಗ ಯಾವ ಮಷೀನ್ ಆದರೂ ಹೇಳುತ್ತದೆ. ಗದ್ದಲ ಜಾಸ್ತಿ, ಹಾಗಾಗಿ ದಿನಾ ಬೇಡ. ಎಆರ್‌ಎಂಗೆ ಪೋರ್ಟ್ ಮಾಡುವ ಮುಂಚೆ ಒಂದು ಸಲ ಹಾಕಿ ಲಿಸ್ಟ್ ತೆಗೆದುಕೊಳ್ಳಿ.

## ಸಾಕೆಟ್ ಅಡ್ರೆಸ್ ಇಡುವ ಸ್ಟ್ರಕ್ಟನ್ನು ಸಾಕ್‌ಅಡ್ರ್‌ಗೆ ಕಾಸ್ಟ್ ಮಾಡಿದರೆ ಸ್ಟ್ರಿಕ್ಟ್-ಏಲಿಯಾಸಿಂಗ್ ಮುರಿಯುತ್ತದೆ ಅಂತಾರೆ. ಸಾಕೆಟ್ ಎಪಿಐನೇ ಹಾಗಿದೆಯಲ್ಲ?

ಒಂದು ಟೈಪ್‌ನಲ್ಲಿ ಬರೆದ ಮೆಮೊರಿಯನ್ನು ಬೇರೆ ಟೈಪ್‌ನಲ್ಲಿ ಓದಬಾರದು ಅನ್ನುವುದು ಸ್ಟ್ರಿಕ್ಟ್-ಏಲಿಯಾಸಿಂಗ್ ನಿಯಮ. ಎಪಿಐ ಹುಟ್ಟಿದ್ದು 1983ರ 4.2ಬಿಎಸ್‌ಡಿ ಯುನಿಕ್ಸ್‌ನಲ್ಲಿ. ವಾಯ್ಡ್ ಪಾಯಿಂಟರ್ ಸ್ಟ್ಯಾಂಡರ್ಡ್‌ಗೆ ಬಂದದ್ದು 1989ರಲ್ಲಿ. ಹಾಗಾಗಿ ಎಲ್ಲರೂ ಈ ಕಾಸ್ಟ್ ಮಾಡಲೇಬೇಕಾಯಿತು. ಬೈಂಡ್, ಕನೆಕ್ಟ್‌ಗೆ ಕೊಡುವಾಗಿನ ಕಾಸ್ಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಓದುವುದು ಕರ್ನಲ್, ನಿಮ್ಮ ಆಪ್ಟಿಮೈಸರ್ ಅಲ್ಲಿಗೆ ಕೈ ಹಾಕುವುದಿಲ್ಲ.

ಚೆಕ್‌ಸಮ್ ವಿಷಯ ಬೇರೆ. ಟಿಸಿಪಿ ಸೂಡೋ ಹೆಡರನ್ನು ಸ್ಟ್ಯಾಕ್ ಮೇಲೆ ಇಟ್ಟು, 32 ಬಿಟ್ ಮೆಂಬರ್‌ಗಳಿಗೆ ಅಡ್ರೆಸ್ ತುಂಬಿ, ಅದನ್ನೇ 16 ಬಿಟ್ ಪಾಯಿಂಟರ್ ಮಾಡಿ ಕೂಡಿಸುತ್ತೀರಿ. ಫಂಕ್ಷನ್ ಇನ್‌ಲೈನ್ ಆದರೆ ಕಂಪೈಲರ್ ಹೀಗೆ ಲೆಕ್ಕ ಹಾಕುತ್ತದೆ: 16 ಬಿಟ್ ಓದುವುದಕ್ಕೂ 32 ಬಿಟ್ ಬರೆದದ್ದಕ್ಕೂ ಸಂಬಂಧ ಇರಲಾರದು, ಬರೆಯುವುದನ್ನು ಆಮೇಲೆ ಮಾಡಿದರಾಯಿತು. ಫಲ, ಓ2ನಲ್ಲಿ ತಪ್ಪು ಚೆಕ್‌ಸಮ್. ಪ್ರಿಂಟ್‌ಎಫ್ ಸೇರಿಸಿದರೆ ಕೆಲವೊಮ್ಮೆ ಸರಿ ಬರುತ್ತದೆ, ಆಗ ತಲೆ ಪೂರ್ತಿ ಕೆಡುತ್ತದೆ.

ಇಲ್ಲಿ ದಾರಿ ತಪ್ಪಿಸುವುದು ವಾರ್ನಿಂಗ್ ಅಲ್ಲ, ಮೌನ. ಡಬ್ಲ್ಯೂ-ಆಲ್ ಆನ್ ಮಾಡುವುದು ಏಲಿಯಾಸಿಂಗ್ ವಾರ್ನಿಂಗ್‌ನ ಮೂರನೇ ಲೆವೆಲ್ಲನ್ನು. ಅದರಲ್ಲಿ ಸುಳ್ಳು ಗಲಾಟೆ ಕಡಿಮೆ. ಆದರೆ ವಾಯ್ಡ್ ಪಾಯಿಂಟರ್ ದಾಟಿ ಬೇರೆ ಫಂಕ್ಷನ್‌ಗೆ ಹೋದದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಅನ್‌ಸೈನ್ಡ್ ಕ್ಯಾರ್‌ನಲ್ಲಿ ಬೈಟ್ ಬೈಟ್ ಆಗಿ ಓದಿ, ಇಲ್ಲವೇ ಮೆಮ್‌ಕಾಪಿ ಮಾಡಿ. ಹಳೇ ಕೋಡ್ ಬೆಟ್ಟದಷ್ಟಿದ್ದರೆ ಕರ್ನಲ್ ಮಾಡುವ ಹಾಗೆ ಎಫ್-ನೋ-ಸ್ಟ್ರಿಕ್ಟ್-ಏಲಿಯಾಸಿಂಗ್ ಹಾಕಿಬಿಡಿ. ಅದರಲ್ಲಿ ಅವಮಾನ ಏನಿಲ್ಲ.

## ಇಂಟರ್‌ಫೇಸ್ ಹೆಸರನ್ನು ಎಸ್‌ಟಿಆರ್‌ಎನ್‌ಕಾಪಿ ಮಾಡಿದರೆ ಟ್ರಂಕೇಷನ್ ವಾರ್ನಿಂಗ್. ಉದ್ದದಿಂದ ಒಂದು ಕಳೆದರೆ ಹೋಗುತ್ತದೆ. ಅಷ್ಟು ಸಾಕಲ್ವಾ?

ವಾರ್ನಿಂಗ್‌ಗೆ ಸಾಕು, ನಿಮಗೆ ಸಾಲದು. ಜಿಸಿಸಿ 8ರಿಂದ ಬಂದ ಈ ವಾರ್ನಿಂಗ್ ಹೇಳುವುದು ಕೊನೆಯ ಸೊನ್ನೆ ಬೈಟ್ ಬಗ್ಗೆ. ಹೆಸರಿನ ಜಾಗ 16 ಬೈಟ್, ಸೊನ್ನೆ ಸೇರಿ. ಅಂದರೆ ಅಕ್ಷರ 15. ಲಿನಕ್ಸ್ ಕರ್ನಲ್ ಹೇಗಿದ್ದರೂ ಕೊನೆಯ ಬೈಟನ್ನು ತಾನೇ ಸೊನ್ನೆ ಮಾಡಿಕೊಳ್ಳುತ್ತದೆ. ಹಾಗಾಗಿ ಅದು ಹೇಳುವ ಅಪಾಯ ಅಲ್ಲಿ ಅಷ್ಟು ದೊಡ್ಡದಲ್ಲ. ದೊಡ್ಡದು ಇನ್ನೊಂದು.

ಯುಎಸ್‌ಬಿ ಈಥರ್ನೆಟ್‌ಗೆ ಸಿಸ್ಟಮ್‌ಡಿ ಕೊಡುವ ಹೆಸರು ನೋಡಿ: ಮೊದಲು ಇ-ಎನ್-ಎಕ್ಸ್, ಆಮೇಲೆ ಮ್ಯಾಕ್ ಅಡ್ರೆಸ್‌ನ 12 ಅಕ್ಷರ. ಸರಿಯಾಗಿ 15. ಬಳಕೆದಾರರು ಅದರ ಮುಂದೆ ಚುಕ್ಕೆ 100 ಸೇರಿಸಿ ವಿಲ್ಯಾನ್ (ಅದೇ ಲಿಂಕ್ ಮೇಲಿನ ವರ್ಚುವಲ್ ನೆಟ್‌ವರ್ಕ್) ಇಂಟರ್‌ಫೇಸ್ ಅಂತ ಕೊಟ್ಟರು. ನಿಮ್ಮ ಕೋಡ್ 15ಕ್ಕೆ ಕತ್ತರಿಸಿತು. ಉಳಿದದ್ದು ಮೂಲ ಇಂಟರ್‌ಫೇಸ್‌ನ ಹೆಸರು! ವಿಲ್ಯಾನ್ ಡೌನ್ ಮಾಡಿ ಅಂದರೆ ಇಡೀ ಲಿಂಕ್ ಡೌನ್. ಉದ್ದ ನೋಡಿ, 16 ಅಥವಾ ಜಾಸ್ತಿ ಇದ್ದರೆ ಎರರ್ ಕೊಡಿ, ಇಲ್ಲದಿದ್ದರೆ ಮೆಮ್‌ಕಾಪಿ. ಕತ್ತರಿಸುವ ಮಾತೇ ಬೇಡ.

## ಮೇಬಿ-ಅನ್‌ಇನಿಷಿಯಲೈಸ್ಡ್ ಬಂದಲ್ಲೆಲ್ಲಾ ಸೊನ್ನೆ ಹಾಕುತ್ತಾ ಬಂದಿದ್ದೇನೆ. ತಪ್ಪಾ?

ವೇರಿಯಬಲ್‌ಗೆ ಬೆಲೆ ಹಾಕದೆ ಬಳಸಿರಬಹುದು ಅನ್ನುವ ಈ ವಾರ್ನಿಂಗ್ ಸುಳ್ಳು ಗಲಾಟೆಗೆ ಹೆಸರುವಾಸಿ. ಓ2ನಲ್ಲಿ ಬಂದದ್ದು ಓ3ಯಲ್ಲಿ ಮಾಯ, ಎರಡರಲ್ಲೂ ಇಲ್ಲದ್ದು ಕೋಡ್‌ನ ಗಾತ್ರ ಕಡಿಮೆ ಮಾಡುವ ಓಎಸ್ ಫ್ಲ್ಯಾಗ್‌ನಲ್ಲಿ ಪ್ರತ್ಯಕ್ಷ. 2020ರಲ್ಲಿ 5.7ಕ್ಕೆ ಲಿನಕ್ಸ್ ಕರ್ನಲ್ ಇದನ್ನು ಮಾಮೂಲಿ ಬಿಲ್ಡ್‌ನಿಂದಲೇ ತೆಗೆಯಿತು.

ಸೊನ್ನೆ ಹಾಕುವುದರಲ್ಲಿ ಒಂದು ಗುಂಡಿ ಇದೆ. ಸಾಕೆಟ್ ಎಫ್‌ಡಿಗೆ (ಫೈಲ್ ಡಿಸ್ಕ್ರಿಪ್ಟರ್ ನಂಬರ್‌ಗೆ) ಸೊನ್ನೆ ಅಂದರೆ ಖಾಲಿ ಅಲ್ಲ, ಅದು ಸ್ಟ್ಯಾಂಡರ್ಡ್ ಇನ್‌ಪುಟ್. ಸಾಕೆಟ್ ತೆರೆಯುವ ಮುಂಚೆಯೇ ಎರರ್ ದಾರಿ ಹಿಡಿದರೆ ಕೊನೆಯಲ್ಲಿರುವ ಕ್ಲೋಸ್ ಸೊನ್ನೆಯನ್ನು ಮುಚ್ಚುತ್ತದೆ. ಮುಂದೆ ತೆರೆಯುವ ಸಾಕೆಟ್‌ಗೆ ಆ ಸೊನ್ನೆಯೇ ಸಿಗುತ್ತದೆ. ಎಫ್‌ಡಿಗೆ ಯಾವಾಗಲೂ ಮೈನಸ್ 1 ಹಾಕಿ.

## ವಾರ್ನಿಂಗ್ ಹೋಗಲಿ ಅಂತ ಒಂದೆರಡು ಸಾಲು ತೆಗೆದರೆ ಏನು ಮಹಾ ಆಗುತ್ತದೆ?

ಡೆಬಿಯನ್ ಲಿನಕ್ಸ್‌ನಲ್ಲಿ ಆದದ್ದು ಆಗುತ್ತದೆ. ಅಲ್ಲಿ ದೂರು ಹೇಳಿದ್ದು ಕಂಪೈಲರ್ ಅಲ್ಲ, ವ್ಯಾಲ್‌ಗ್ರಿಂಡ್ ತರಹದ ಮೆಮೊರಿ ತಪಾಸಣೆಯ ಟೂಲ್. ಓಪನ್‌ಎಸ್‌ಎಸ್‌ಎಲ್ ಎನ್‌ಕ್ರಿಪ್ಷನ್ ಲೈಬ್ರರಿಯ ರ‍್ಯಾಂಡಮ್ ಕೋಡ್ ಇನಿಷಿಯಲೈಸ್ ಆಗದ ಮೆಮೊರಿ ಓದುತ್ತಿದೆ ಎಂದು ಅದು ಹೇಳುತ್ತಿತ್ತು. 2006ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್ ಪ್ಯಾಕೇಜ್‌ನಲ್ಲಿ ಎರಡು ಸಾಲು ತೆಗೆದರು. ನೋಡಲು ಎರಡೂ ಒಂದೇ ತರಹ. ಒಂದನ್ನು ತೆಗೆದರೆ ನಷ್ಟವಿರಲಿಲ್ಲ. ಇನ್ನೊಂದು, ನಿಜವಾದ ರ‍್ಯಾಂಡಮ್ ಬೈಟ್‌ಗಳನ್ನು ಒಳಗೆ ಬೆರೆಸುವ ಸಾಲು. ಆಮೇಲೆ ಉಳಿದ ವ್ಯತ್ಯಾಸ ಅಂದರೆ ಪ್ರೋಸೆಸ್ ಐಡಿ ಒಂದೇ. ಆಗ ಅದರ ಗರಿಷ್ಠ ಮಿತಿ 32768. ಅಂದರೆ ಒಂದು ಬಗೆಯ ಮಷೀನ್‌ನಲ್ಲಿ ಒಂದು ಬಗೆಯ, ಒಂದು ಅಳತೆಯ ಕೀಗಳು ಅಷ್ಟರೊಳಗೇ. 2008ರ ಮೇನಲ್ಲಿ ಲೂಸಿಯಾನೊ ಬೆಲ್ಲೊ ಅವರು ಕಂಡುಹಿಡಿಯುವ ತನಕ ಡೆಬಿಯನ್, ಉಬುಂಟು ಮಷೀನ್‌ಗಳಲ್ಲಿ ಮಾಡಿದ ಎಸ್‌ಎಸ್‌ಎಚ್ ಕೀಗಳನ್ನು ಯಾರು ಬೇಕಾದರೂ ಪಟ್ಟಿ ಮಾಡಿ ಊಹಿಸಬಹುದಿತ್ತು. ಟೂಲ್ ಹೇಳಿದ್ದು ಸುಳ್ಳಲ್ಲ, ನೆನಪಿರಲಿ.

## ಪೋರ್ಟ್ 65535ಕ್ಕಿಂತ ಜಾಸ್ತಿಯಾ ಅಂತ ನೋಡಿದರೆ "ಇದು ಯಾವಾಗಲೂ ಸುಳ್ಳು" ಅನ್ನುತ್ತದೆ. ಚೆಕ್ ತೆಗೆದುಬಿಡಲಾ?

ತೆಗೆಯಬೇಡಿ, ಮೇಲಕ್ಕೆ ಸರಿಸಿ. 16 ಬಿಟ್ ವೇರಿಯಬಲ್‌ಗೆ ಹಾಕಿದ ಮೇಲೆ ನೋಡುತ್ತಿದ್ದೀರಿ. ಬಳಕೆದಾರರು 70000 ಕೊಟ್ಟರೆ ಅಷ್ಟರಲ್ಲಾಗಲೇ ಅದು 4464 ಆಗಿರುತ್ತದೆ. ಸ್ಟ್ರಿಂಗ್‌ನಿಂದ ಲಾಂಗ್‌ಗೆ ತನ್ನಿ, ಅಲ್ಲಿ ಚೆಕ್ ಮಾಡಿ, ಆಮೇಲೆ 16 ಬಿಟ್‌ಗೆ ಇಳಿಸಿ.

## ರೈಟ್ ಕೊಟ್ಟ ಬೆಲೆ ಬಳಸಿಲ್ಲ ಅಂತ ಉಬುಂಟುನಲ್ಲಿ ಮಾತ್ರ ವಾರ್ನಿಂಗ್. ವಾಯ್ಡ್ ಕಾಸ್ಟ್ ಹಾಕಿದರೂ ಹೋಗಲ್ಲ.

ಉಬುಂಟುನ ಜಿಸಿಸಿ ಆಪ್ಟಿಮೈಸ್ ಮಾಡುವಾಗ ಫಾರ್ಟಿಫೈ-ಸೋರ್ಸ್ ಅನ್ನುವ ಭದ್ರತಾ ತಪಾಸಣೆಯನ್ನು ತಾನಾಗಿಯೇ ಆನ್ ಮಾಡುತ್ತದೆ, ಆಗ ಜಿಲಿಬ್‌ಸಿ (ಸಿ ಲೈಬ್ರರಿ) ಬೆಲೆ ಬಳಸಲೇಬೇಕು ಅನ್ನುವ ಗುರುತು ಹಾಕುತ್ತದೆ. ವಾಯ್ಡ್ ಕಾಸ್ಟ್ ಕ್ಲ್ಯಾಂಗ್‌ಗೆ ಸಾಕು, ಜಿಸಿಸಿಗೆ ಸಾಲದು. ಟಿಸಿಪಿ ಸಾಕೆಟ್ ಆದರೆ ಬೆಲೆ ನೋಡಲೇಬೇಕು, ಅರ್ಧ ಮಾತ್ರ ಹೋಗಿರಬಹುದು. ಸಿಗ್ನಲ್ ಹ್ಯಾಂಡ್ಲರ್‌ನಿಂದ ಪೈಪ್‌ಗೆ ಒಂದು ಬೈಟ್ ಹಾಕುವ ಜಾಗವಾದರೆ, ಬೆಲೆಯನ್ನು ಒಂದು ವೇರಿಯಬಲ್‌ಗೆ ಹಾಕಿ ಆ ವೇರಿಯಬಲ್ಲನ್ನು ವಾಯ್ಡ್ ಮಾಡಿ.

## ಕೊನೆಗೂ ಆಫ್ ಮಾಡಲೇಬೇಕು ಅಂದರೆ ಹೇಗೆ ಮಾಡುವುದು?

ಆದಷ್ಟು ಚಿಕ್ಕ ಜಾಗಕ್ಕೆ. ಪ್ರಾಗ್ಮಾ ಡಯಾಗ್ನಾಸ್ಟಿಕ್ ಪುಶ್, ಇಗ್ನೋರ್ಡ್, ಪಾಪ್. ಜಿಸಿಸಿ ಹೆಸರಿನಲ್ಲೇ ಬರೆದರೂ ಕ್ಲ್ಯಾಂಗ್ ಒಪ್ಪುತ್ತದೆ. ಯಾಕೆ ಆಫ್ ಮಾಡಿದಿರಿ ಅಂತ ಪಕ್ಕದಲ್ಲಿ ಒಂದು ಸಾಲು ಬರೆಯಿರಿ. ಇನ್‌ಲೈನ್ ಆದ ಮೇಲೆ ಹುಟ್ಟುವ ವಾರ್ನಿಂಗ್‌ಗಳಿಗೆ ಒಂದು ಸಾಲಿನ ಸುತ್ತ ಹಾಕಿದರೆ ಕೆಲವೊಮ್ಮೆ ನಾಟುವುದಿಲ್ಲ, ಇಡೀ ಫಂಕ್ಷನ್ ಸುತ್ತ ಹಾಕಬೇಕಾಗುತ್ತದೆ. ಬೇರೆಯವರ ಹೆಡರ್‌ಗಳಾದರೆ ಐ ಫ್ಲ್ಯಾಗ್ ಬದಲು ಐ-ಸಿಸ್ಟಮ್ ಫ್ಲ್ಯಾಗ್‌ನಿಂದ ಸೇರಿಸಿ, ಮುಗಿಯಿತು.

ಡಬ್ಲ್ಯೂ-ನೋ ಅಂತ ಶುರುವಾಗುವ ಫ್ಲ್ಯಾಗ್‌ಗಳಲ್ಲಿ ಒಂದು ವಿಚಿತ್ರ ಇದೆ. ಹೆಸರು ತಪ್ಪಿದ್ದರೂ ಜಿಸಿಸಿ ತುಟಿ ಪಿಟಕ್ ಅನ್ನುವುದಿಲ್ಲ. ಬೇರೆ ಏನಾದರೂ ವಾರ್ನಿಂಗೋ ಎರರೋ ಬಂದ ದಿನ ಮಾತ್ರ ಅದರ ಜೊತೆ "ಈ ಆಪ್ಷನ್ ಗೊತ್ತಿಲ್ಲ" ಅಂತ ಸೇರಿಸುತ್ತದೆ. ಅದನ್ನು ನೋಡಿ ಜನ ಮೇಕ್‌ಫೈಲ್ ತಿದ್ದಲು ಕೂರುತ್ತಾರೆ. ತೊಂದರೆ ಅಲ್ಲಿಲ್ಲ, ಆ ಇನ್ನೊಂದು ಸಾಲಿನಲ್ಲಿದೆ.

ವಾರ್ನಿಂಗನ್ನು ಎರರ್ ಮಾಡುವ ಡಬ್ಲ್ಯೂ-ಎರರ್ ನಿಮ್ಮ ಸಿಐಯಲ್ಲಿ (ತಾನಾಗಿ ನಡೆಯುವ ಬಿಲ್ಡ್‌ನಲ್ಲಿ) ಇರಲಿ. ಹೊರಗೆ ಕೊಡುವ ಸೋರ್ಸ್‌ನಲ್ಲಿ ಬೇಡ. ಮುಂದಿನ ವರ್ಷದ ಜಿಸಿಸಿ ಹೊಸ ವಾರ್ನಿಂಗ್ ತಂದರೆ ನಿಮ್ಮ ಕೋಡ್ ಬೇರೆಯವರಲ್ಲಿ ಬಿಲ್ಡೇ ಆಗುವುದಿಲ್ಲ.

## ಪೋರ್ಟ್ ನಂಬರನ್ನು ನೆಟ್‌ವರ್ಕ್‌ನ ಬೈಟ್ ಕ್ರಮಕ್ಕೆ ತರುವ ಎಚ್‌ಟಿಒಎನ್‌ಎಸ್ ಮರೆತರೆ ಯಾವ ವಾರ್ನಿಂಗ್ ಬರುತ್ತದೆ?

ಯಾವುದೂ ಇಲ್ಲ. ಪೋರ್ಟ್ 80 ಅಂತ ನೇರವಾಗಿ ಹಾಕಿದರೆ ಲಿಟಲ್ ಎಂಡಿಯನ್ (ಕೆಳಗಿನ ಬೈಟನ್ನು ಮೊದಲು ಇಡುವ) ಮಷೀನ್‌ನಲ್ಲಿ 20480ಕ್ಕೆ ಬೈಂಡ್ ಆಗುತ್ತದೆ. ಜಿಸಿಸಿ, ಕ್ಲ್ಯಾಂಗ್ ಎರಡಕ್ಕೂ ಅದು ಬರೀ 16 ಬಿಟ್ ನಂಬರ್. ಕರ್ನಲ್‌ನವರು ಇದಕ್ಕಾಗಿಯೇ ಸ್ಪಾರ್ಸ್ ಬಳಸುತ್ತಾರೆ. 2003ರಲ್ಲಿ ಟೊರ್ವಾಲ್ಡ್ಸ್ ಶುರು ಮಾಡಿದ ಟೂಲ್ ಅದು. ನೆಟ್‌ವರ್ಕ್ ಕ್ರಮದ ನಂಬರ್‌ಗಳಿಗೆ ಬೇರೆ ಟೈಪ್ ಹೆಸರಿಟ್ಟು ಗುರುತು ಹಾಕಿದರೆ, ಮಾಮೂಲಿ ನಂಬರ್ ಜೊತೆ ಬೆರೆಸಿದ ಕೂಡಲೇ ಹಿಡಿಯುತ್ತದೆ. ಕರ್ನಲ್ ಟ್ರೀಯಲ್ಲಿ ಮೇಕ್ ಸಿ=1 ಅಂದರೆ ಸಾಕು. ನಿಮ್ಮದು ಯೂಸರ್ ಸ್ಪೇಸ್ ಕೋಡ್ ಆದರೆ ಇನ್ನೂ ಸರಳ ದಾರಿ ಇದೆ. ನೆಟ್‌ವರ್ಕ್ ಕ್ರಮದ ಪೋರ್ಟ್‌ಗೆ ಒಂದೇ ಮೆಂಬರ್ ಇರುವ ಸ್ಟ್ರಕ್ಟ್ ಮಾಡಿ. ಸ್ಟ್ರಕ್ಟನ್ನು ನಂಬರ್ ಜೊತೆ ಬೆರೆಸಿದರೆ ಬರುವುದು ವಾರ್ನಿಂಗ್ ಅಲ್ಲ, ಎರರ್.